ಊರಿಲ್ಲದ ತಂಡ, ತಂಡವಿಲ್ಲದ ಊರು

“ತಾತ, ನಮ್ಮ ಟೀಮು ಊರು ಬಿಟ್ಟು ಹೋಗ್ತಿದೆ. ಇನ್ಮೇಲೆ ನಾನು ಯಾರ ಕಡೆ?”

2023ರ ಬೇಸಿಗೆಯಲ್ಲಿ ನಾವು ದಂಪತಿ ಅಮೆರಿಕದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ಹೋಗಿ ಇಳಿದಿದ್ದೆವು. ಪೆಟ್ಟಿಗೆಯಿಂದ ಚಟ್ನಿಪುಡಿ, ಹಪ್ಪಳ ಇನ್ನೂ ಹೊರಗೆ ಬರುತ್ತಿದ್ದವು. ಅಷ್ಟರಲ್ಲಿ ಹತ್ತು ವರ್ಷದ ಮೊಮ್ಮಗ ಕೇಳಿದ ಮೊದಲ ಪ್ರಶ್ನೆ ಇದು. ತಲೆಯ ಮೇಲೆ ಹಸಿರು ಟೋಪಿ, ಅದಕ್ಕೆ ಹಳದಿ ಚುಂಚು. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲವೆಂದು ಮಗಳ ದೂರು.

“ಹೋದರೆ ಹೋಗಲಿ ಬಿಡಪ್ಪ, ಬೇರೆ ಟೀಮು ಹಿಡಿ” ಎಂದೆ ನಾನು. ಬೇರೆ ಅಪ್ಪ ಅಮ್ಮನನ್ನು ಹುಡುಕಿಕೋ ಎಂದವನನ್ನು ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋಗಿಬಿಟ್ಟ. ನಾನು ಬಿ.ಕಾಂ. ಓದಿ ಜೀವನವಿಡೀ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಬೇಸ್‌ಬಾಲ್ ಎಂದರೆ ನಮ್ಮ ಚಿನ್ನಿದಾಂಡಿನ ಶ್ರೀಮಂತ ನೆಂಟ ಎನ್ನುವುದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಹುಡುಗನ ಮುಖ ಸಪ್ಪಗಾದ ಮೇಲೆ ಈ ಆಟದ ಖಾತೆ ತೆಗೆದು ನೋಡಲೇಬೇಕಾಯಿತು.

ಚಿಕ್ಕ ಓದುಗರಿಗೆ ಮೊದಲು ಆಟದ ಬಗ್ಗೆ ಎರಡು ಮಾತು. ಒಂದೊಂದು ತಂಡಕ್ಕೆ ಒಂಬತ್ತು ಜನ, ಒಟ್ಟು ಒಂಬತ್ತು ಇನಿಂಗ್ಸ್. ಚೆಂಡೆಸೆಯುವ ಪಿಚರ್ ಅರವತ್ತೂವರೆ ಅಡಿ ದೂರದಿಂದ, ನೆಲ ಮುಟ್ಟಿಸದೆ, ನೇರವಾಗಿ ಬೀಸುತ್ತಾನೆ. ಬ್ಯಾಟು ಹಿಡಿದವನು ಉರುಟು ದೊಣ್ಣೆಯಿಂದ ಅದನ್ನು ಬಾರಿಸಿ ಓಡಬೇಕು. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸ್‌ಗಳು. ಎಲ್ಲವನ್ನೂ ಮುಟ್ಟಿ ಹೊರಟ ಜಾಗಕ್ಕೆ ವಾಪಸು ಬಂದರೆ ಒಂದು ರನ್. ಮೂರು ಜನ ಔಟಾದರೆ ಸರದಿ ಬದಲು. ನಮ್ಮ ಕ್ರಿಕೆಟ್‌ನ ಹಾಗೆ ಡ್ರಾ ಎನ್ನುವ ರಗಳೆ ಇಲ್ಲ. ಸಮಸಮ ಬಂದರೆ ಒಬ್ಬರು ಗೆಲ್ಲುವವರೆಗೆ ಆಡುತ್ತಲೇ ಇರುತ್ತಾರೆ.

ನನ್ನನ್ನು ಬೆರಗುಗೊಳಿಸಿದ್ದು ಇದ್ಯಾವುದೂ ಅಲ್ಲ, ಪಂದ್ಯಗಳ ಸಂಖ್ಯೆ. ವಸಂತದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ! 81 ತನ್ನ ಊರಿನಲ್ಲಿ, 81 ಹೊರಗೆ. ಅಂದರೆ ಹೆಚ್ಚುಕಡಿಮೆ ದಿನಾ ಒಂದು ಪಂದ್ಯ. ಅಲ್ಲಿಯ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಶಿರಸ್ತ್ರಾಣ ಹಾಕಿ ಡಿಕ್ಕಿ ಹೊಡೆದುಕೊಳ್ಳುವ ಅವರದೇ ಫುಟ್‌ಬಾಲ್) ವರ್ಷಕ್ಕೆ ಒಂದು ತಂಡಕ್ಕೆ ಬರೀ 17. ವಾರಕ್ಕೊಮ್ಮೆ ಜಾತ್ರೆಯ ಹಾಗೆ ಬರುತ್ತದೆ, ಇಡೀ ದೇಶ ಟಿ.ವಿ. ಮುಂದೆ ಕೂರುತ್ತದೆ.

ನನಗೆ ಪಿಗ್ಮಿ ಠೇವಣಿ ನೆನಪಾಯಿತು. ಸಂಜೆ ಏಜೆಂಟ್ ಅಂಗಡಿ ಅಂಗಡಿಗೆ ಹೋಗಿ ಎರಡು ರೂಪಾಯಿ, ಐದು ರೂಪಾಯಿ ಸಂಗ್ರಹಿಸಿ ತರುತ್ತಿದ್ದ. ಕೊಟ್ಟವನಿಗೆ ಆ ದಿನ ಕೊಟ್ಟದ್ದೇ ಗೊತ್ತಾಗುತ್ತಿರಲಿಲ್ಲ. ಬೇಸ್‌ಬಾಲ್ ಅಭಿಮಾನ ಹೀಗೆ ಪಿಗ್ಮಿಯಲ್ಲಿ ಕೂಡಿದ್ದು. ಅಪ್ಪ ಕಾರಿನಲ್ಲಿ ರೇಡಿಯೋ ಹಾಕಿದ, ಅಜ್ಜಿ ಅಡುಗೆ ಮಾಡುತ್ತಾ ಸ್ಕೋರು ಕೇಳಿದಳು, ಹುಡುಗ ಬೆಳಗ್ಗೆ ಪತ್ರಿಕೆಯಲ್ಲಿ ಅಂಕಿ ಪಟ್ಟಿ ನೋಡಿದ. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಖಾತೆಯಲ್ಲಿ ದೊಡ್ಡ ಮೊತ್ತ.

ದೇಶದ ಲೆಕ್ಕ ಬೇರೆಯೇ ಹೇಳುತ್ತದೆ. ಗ್ಯಾಲಪ್ ಸಂಸ್ಥೆ ಅಮೆರಿಕನ್ನರನ್ನು “ನಿಮಗೆ ನೋಡಲು ಅತಿ ಇಷ್ಟವಾದ ಆಟ ಯಾವುದು” ಎಂದು ಹಲವು ದಶಕಗಳಿಂದ ಕೇಳುತ್ತಾ ಬಂದಿದೆ. 1948ರಲ್ಲಿ ನೂರಕ್ಕೆ 39 ಜನ ಬೇಸ್‌ಬಾಲ್ ಎಂದಿದ್ದರು. 1972ರ ಹೊತ್ತಿಗೆ ಫುಟ್‌ಬಾಲ್ ಮುಂದೆ ಹೋಯಿತು. 2017ರಲ್ಲಿ ಬೇಸ್‌ಬಾಲ್ ಎಂದವರು ನೂರಕ್ಕೆ 9, ಫುಟ್‌ಬಾಲ್ ಎಂದವರು 37. ವರ್ಷದ ಕೊನೆಯ ವರ್ಲ್ಡ್ ಸೀರೀಸ್ ಸರಣಿಯನ್ನು 1978ರಲ್ಲಿ ಟಿ.ವಿ.ಯಲ್ಲಿ ನೋಡಿದವರು ಸರಾಸರಿ 4 ಕೋಟಿ 40 ಲಕ್ಷ. 2023ರಲ್ಲಿ 1 ಕೋಟಿಯೂ ಮುಟ್ಟಲಿಲ್ಲ. ಈ ಮಧ್ಯೆ ಅಮೆರಿಕದ ಜನಸಂಖ್ಯೆ ಎಷ್ಟೋ ಏರಿದೆ ಎನ್ನುವುದನ್ನೂ ಸೇರಿಸಿ ಓದಬೇಕು.

ದೇಶ ಮುಖ ತಿರುಗಿಸಿದ್ದರೂ ಒಬ್ಬ ಹುಡುಗ ಊಟದ ಹೊತ್ತಿನಲ್ಲೂ ಟೋಪಿ ತೆಗೆಯುವುದಿಲ್ಲ. ಈ ಎರಡು ಕಾಲಂ ಹೇಗೆ ಟ್ಯಾಲಿ ಆಗುತ್ತವೆ?

ಖಾಲಿ ಕುರ್ಚಿಗಳ ಸಂಜೆ

ಮೊಮ್ಮಗನ ತಂಡದ ಹೆಸರು ಓಕ್‌ಲ್ಯಾಂಡ್ ಅಥ್ಲೆಟಿಕ್ಸ್. ಊರವರ ಬಾಯಲ್ಲಿ ಚುಟುಕಾಗಿ ‘ಏಸ್’. ಮೇ 15, ಸೋಮವಾರ ಸಂಜೆ ಅಳಿಯಂದಿರು ನಮ್ಮನ್ನು ರೈಲು ಹತ್ತಿಸಿ ಕರೆದುಕೊಂಡು ಹೋದರು. ಕೊಲಿಸಿಯಂ ಎಂಬ ನಿಲ್ದಾಣದಲ್ಲಿ ಇಳಿದು ಕಾಲುಸೇತುವೆ ದಾಟಿದರೆ ಎದುರಿಗೇ ಕ್ರೀಡಾಂಗಣ. 1966ರಲ್ಲಿ ತೆರೆದ ಕಾಂಕ್ರೀಟಿನ ದೊಡ್ಡ ಬೋಗುಣಿ. ಸಮುದ್ರದ ಕಡೆಯ ಗಾಳಿ ಕೊರೆಯುತ್ತಿತ್ತು. ನಾನು ಸ್ವೆಟರ್ ಮೇಲೆ ಮಂಕಿ ಕ್ಯಾಪ್ ಎಳೆದುಕೊಂಡಾಗ ಮೊಮ್ಮಗನಿಗೆ ನಾಚಿಕೆಯಾಯಿತು.

ಒಳಗೆ ನೋಡಿದರೆ ಕುರ್ಚಿಗಳೇ ಕುರ್ಚಿಗಳು. ನಲವತ್ತಾರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾಗದಲ್ಲಿ ಆ ದಿನದ ಅಧಿಕೃತ ಹಾಜರಿ 2,064. ಯಾರೋ ದೂರದಲ್ಲಿ ಕೆಮ್ಮಿದ್ದು ನಮಗೆ ಕೇಳಿಸುತ್ತಿತ್ತು. ಬಲಬದಿಯ ಮೂಲೆಯಲ್ಲಿ ಹತ್ತಾರು ಜನ ಮಾತ್ರ ಡೋಲು ಬಡಿಯುತ್ತಾ, ಬಾವುಟ ಬೀಸುತ್ತಾ ಇದ್ದರು. ನಮ್ಮ ಕಡೆಯ ತಮಟೆಯವರು ನೆನಪಾದರು.

ನಮ್ಮ ಪಕ್ಕದಲ್ಲಿ ನನ್ನದೇ ವಯಸ್ಸಿನ ಆಫ್ರಿಕನ್ ಅಮೆರಿಕನ್ ಹಿರಿಯರೊಬ್ಬರು ತೊಡೆಯ ಮೇಲೆ ರಟ್ಟಿನ ಪುಸ್ತಕವಿಟ್ಟುಕೊಂಡು ಪೆನ್ಸಿಲಿನಿಂದ ಏನೋ ತುಂಬುತ್ತಿದ್ದರು. ಗೆರೆ ಎಳೆದ ಕಾಲಂಗಳು! ಅಂಥದ್ದು ಕಂಡರೆ ನನ್ನ ಕುತ್ತಿಗೆ ತಾನಾಗಿ ಅತ್ತ ವಾಲುತ್ತದೆ. ಅವರು ನಕ್ಕು ಪುಸ್ತಕವನ್ನು ನನ್ನ ಕಡೆ ಸರಿಸಿದರು. ನಿವೃತ್ತ ಬಸ್ ಚಾಲಕರಂತೆ. ತಂಡ ಓಕ್‌ಲ್ಯಾಂಡಿಗೆ ಬಂದ 1968ರಿಂದ ನೋಡುತ್ತಿದ್ದಾರಂತೆ.

ಒಬ್ಬೊಬ್ಬ ಆಟಗಾರನಿಗೆ ಒಂದು ಸಾಲು, ಒಂದೊಂದು ಇನಿಂಗ್ಸ್‌ಗೆ ಒಂದು ಕಾಲಂ. ಪ್ರತಿ ಮನೆಯಲ್ಲೂ ಪುಟ್ಟ ವಜ್ರಾಕೃತಿ. ಆಟಗಾರ ಎಷ್ಟು ಬೇಸ್ ಓಡಿದನೋ ಅಷ್ಟು ಬದಿಗೆ ಗೆರೆ. ಕ್ಷೇತ್ರರಕ್ಷಕರಿಗೆ ಹೆಸರಿಲ್ಲ, ನಂಬರು. ಪಿಚರ್ 1, ಅವನೆದುರು ಕೂತು ಚೆಂಡು ಹಿಡಿಯುವವನು 2, ಹೀಗೆ 9ರವರೆಗೆ. ‘6-4-3’ ಎಂದು ಬರೆದರೆ ಆರನೆಯವನು ನಾಲ್ಕನೆಯವನಿಗೆ ಎಸೆದ, ಅವನು ಮೂರನೆಯವನಿಗೆ ಎಸೆದ, ಒಂದೇ ಏಟಿಗೆ ಇಬ್ಬರು ಔಟ್ ಎಂದರ್ಥ. ಬಾರಿಸಲಾಗದೆ ಔಟಾದವನಿಗೆ ‘ಕೆ’ ಅಕ್ಷರ. ಬ್ಯಾಟು ಬೀಸದೆ ನಿಂತೇ ಔಟಾದರೆ ಅದೇ ಅಕ್ಷರ ತಿರುವುಮುರುವು. ನಮ್ಮ ಕೌಂಟರಿನಲ್ಲಿ ಚೆಕ್ಕಿನ ಮೇಲೆ ಹಾಕುತ್ತಿದ್ದ ಗುರುತುಗಳ ಹಾಗೆಯೇ, ಗೊತ್ತಿದ್ದವರಿಗೆ ಇಡೀ ಕಥೆ.

ಕೊನೆಯಲ್ಲಿ ಅವರು ತೋರಿಸಿದ್ದನ್ನು ನೋಡಿ ನಾನು ಎದ್ದು ನಿಲ್ಲುವುದೊಂದು ಬಾಕಿ. ಈ ಪುಸ್ತಕಕ್ಕೂ ಟ್ಯಾಲಿ ಇದೆ ಸ್ವಾಮಿ! ಒಂದು ತಂಡದಿಂದ ಎಷ್ಟು ಸಲ ಬ್ಯಾಟಿಂಗ್‌ಗೆ ಬಂದರೋ ಆ ಮೊತ್ತ, ಅವರು ಗಳಿಸಿದ ರನ್ನು, ಆದ ಔಟುಗಳು, ಬೇಸ್‌ಗಳ ಮೇಲೆ ಹಾಗೇ ಉಳಿದುಹೋದವರು, ಈ ಮೂರನ್ನೂ ಕೂಡಿದ ಮೊತ್ತಕ್ಕೆ ಸರಿಯಾಗಬೇಕು. ಆಗಲಿಲ್ಲವೆಂದರೆ ಎಲ್ಲೋ ತಪ್ಪಿದೆ, ಹುಡುಕು. ದಿನದ ಕೊನೆಗೆ ನಾಲ್ಕಾಣೆ ವ್ಯತ್ಯಾಸ ಬಂದು ರಾತ್ರಿ ಒಂಬತ್ತರವರೆಗೆ ಕೂತ ನನ್ನಂಥವನಿಗೆ ಇದಕ್ಕಿಂತ ಇನ್ನೇನು ಬೇಕು? ಇಂಥ ಅಂಕಿಪಟ್ಟಿಗೆ 1850ರ ದಶಕದ ಕೊನೆಯಲ್ಲಿ ರೂಪ ಕೊಟ್ಟವರು ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತರೆಂದು ಆಮೇಲೆ ಓದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿದವರು, ನ್ಯೂಯಾರ್ಕ್ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಇರಲಿ, ನಮ್ಮ ಕಡೆಯವರೇ ಎಂದು ಸಮಾಧಾನಪಟ್ಟುಕೊಂಡೆ.

ಆ ಹಿರಿಯರ ಬಾಯಿಂದಲೇ ತಂಡದ ಚರಿತ್ರೆ ಕೇಳಿದೆ. 1972, 73, 74, ಸತತ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದ ತಂಡ ಇದು. 1989ರಲ್ಲಿ ಕೊಲ್ಲಿಯ ಆಚೆ ದಡದ ಸಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮೇಲೆ ಮತ್ತೆ ಗೆದ್ದಿತು. ಆ ಸರಣಿಯ ನಡುವೆ ಭೂಕಂಪವಾಗಿ ಹತ್ತು ದಿನ ಆಟ ನಿಂತಿತ್ತು. ಓಕ್‌ಲ್ಯಾಂಡ್‌ನ ಬೀದಿಗಳಲ್ಲೇ ಬೆಳೆದ ರಿಕಿ ಹೆಂಡರ್ಸನ್ ಎಂಬ ಹುಡುಗ ಇದೇ ತಂಡ ಸೇರಿ, ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವ ‘ಬೇಸ್ ಕದಿಯುವ’ ವಿದ್ಯೆಯಲ್ಲಿ ಜಗತ್ತಿನ ದಾಖಲೆ ಮಾಡಿದ. ಒಟ್ಟು 1,406 ಕಳ್ಳತನ! ಹತ್ತಿರಕ್ಕೂ ಯಾರೂ ಬಂದಿಲ್ಲ. ತಂಡದ ಗುರುತು ಆನೆ. 1902ರಲ್ಲಿ ಎದುರಾಳಿಯ ವ್ಯವಸ್ಥಾಪಕನೊಬ್ಬ ಈ ತಂಡವನ್ನು ‘ಬಿಳಿಯಾನೆ’ ಎಂದು ಹಂಗಿಸಿದ. ಇವರು ಸಿಟ್ಟಾಗದೆ ಆನೆಯನ್ನೇ ಲಾಂಛನ ಮಾಡಿಕೊಂಡರು. ದಸರಾ ಆನೆ ನೋಡಿ ಬೆಳೆದ ನಮ್ಮವಳಿಗೆ ಆ ಒಂದು ಕಾರಣಕ್ಕೆ ತಂಡ ಹಿಡಿಸಿಬಿಟ್ಟಿತು.

1902ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ತಂಡವೇ ಇರಲಿಲ್ಲವಲ್ಲ ಎಂದು ನಿಮಗೆ ಹೊಳೆದಿರಬೇಕು. ಹೌದು, ಆಗ ಅದು ಫಿಲಡೆಲ್ಫಿಯಾದಲ್ಲಿತ್ತು. 1955ರಲ್ಲಿ ಕ್ಯಾನ್ಸಾಸ್ ಸಿಟಿಗೆ ಹೋಯಿತು, 1968ರಲ್ಲಿ ಓಕ್‌ಲ್ಯಾಂಡಿಗೆ ಬಂತು. ಅಂದು ಕ್ಯಾನ್ಸಾಸ್ ಸಿಟಿಯಲ್ಲೂ ಒಬ್ಬ ಹತ್ತು ವರ್ಷದ ಹುಡುಗ ಟೋಪಿ ಹಾಕಿಕೊಂಡು ಅಳುತ್ತಿದ್ದಿರಬೇಕಲ್ಲ ಎಂದೆ. ಆ ಹಿರಿಯರು ಪೆನ್ಸಿಲ್ ನಿಲ್ಲಿಸಿ ಸ್ವಲ್ಪ ಹೊತ್ತು ಮೈದಾನದ ಕಡೆ ನೋಡಿದರು. “ನಾವು ಆಗ ಅದನ್ನು ಯೋಚಿಸಲೇ ಇಲ್ಲ” ಎಂದರು.

ಹಾಜರಿ ಪುಸ್ತಕ

ಮನೆಗೆ ಬಂದು ಅಳಿಯಂದಿರ ಕಂಪ್ಯೂಟರಿನಲ್ಲಿ ಈ ತಂಡದ ವರ್ಷವಾರು ಹಾಜರಿ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಂಡೆ. 1979ರ ಏಪ್ರಿಲ್ 17ರ ಒಂದು ಪಂದ್ಯಕ್ಕೆ ಬಂದವರು 653 ಜನ. ಮೂರು ಸಲ ಗೆದ್ದ ತಂಡಕ್ಕೆ! ಆಗಿನ ಮಾಲೀಕರು ತಾರೆಗಳನ್ನೆಲ್ಲ ಕೈಬಿಟ್ಟಿದ್ದರು. ಅದೇ ಊರು 1990ರಲ್ಲಿ ಒಂದೇ ಋತುವಿನಲ್ಲಿ 29 ಲಕ್ಷ ಟಿಕೆಟ್ ಕೊಂಡಿತು. 2022ರಲ್ಲಿ 8 ಲಕ್ಷಕ್ಕೂ ಕಡಿಮೆ.

ಈ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಓಕ್‌ಲ್ಯಾಂಡಿಗೆ ಬೇಸ್‌ಬಾಲ್ ಬೇಡವಾಯಿತು ಎಂದು ಹೇಳಲು ನನ್ನ ಕೈ ಬರುವುದಿಲ್ಲ. ಒಳ್ಳೆಯ ತಂಡ ಕಟ್ಟಿದಾಗ ಜನ ಬಂದಿದ್ದಾರೆ, ಕೆಡವಿದಾಗ ಹೋಗಿದ್ದಾರೆ. 2022ರ ಮಾರ್ಚ್‌ನಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್ ಎಂಬ ಇಬ್ಬರು ಜನಪ್ರಿಯ ಆಟಗಾರರನ್ನು ಒಂದೇ ವಾರದಲ್ಲಿ ಬೇರೆ ತಂಡಗಳಿಗೆ ದಾಟಿಸಿದರು. ಮೊಮ್ಮಗನ ಕೋಣೆಯ ಗೋಡೆಯಲ್ಲಿ ಅವರಿಬ್ಬರ ಚಿತ್ರ ಇನ್ನೂ ಇತ್ತು.

ಮಾಲೀಕರ ಪಕ್ಷವನ್ನೂ ಹೇಳಬೇಕು. ಕ್ರೀಡಾಂಗಣ ನಿಜಕ್ಕೂ ಹಳತು. 2013ರಲ್ಲಿ ಚರಂಡಿ ಉಕ್ಕಿ ಆಟಗಾರರ ಕೋಣೆಗೇ ನುಗ್ಗಿತ್ತು. ಹೊಸದು ಕಟ್ಟಲು ವರ್ಷಗಟ್ಟಲೆ ಜಾಗ ಹುಡುಕಿದರು. 2006ರಲ್ಲಿ ಮಗಳಿರುವ ಈ ಫ್ರೀಮಾಂಟ್‌ನಲ್ಲೇ ಕಟ್ಟುತ್ತೇವೆಂದು ಘೋಷಿಸಿ 2009ರಲ್ಲಿ ಕೈಬಿಟ್ಟರು. ಸಾನ್ ಹೊಸೆ ನಗರ ಬನ್ನಿ ಎಂದು ಕರೆಯಿತು; ಅದು ಸಾನ್ ಫ್ರಾನ್ಸಿಸ್ಕೊ ತಂಡದ ಹದ್ದು ಎಂದು ತಡೆಯಾಯಿತು. ನಗರ ಕೋರ್ಟಿಗೆ ಹೋದರೂ ಪ್ರಯೋಜನವಾಗಲಿಲ್ಲ. ಯಾಕೆಂದರೆ 1922ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಬೇಸ್‌ಬಾಲ್ ಅನ್ನು ಏಕಸ್ವಾಮ್ಯ ತಡೆ ಕಾನೂನಿನಿಂದ ಹೊರಗಿಟ್ಟಿದೆ. ಕೋಟ್ಯಂತರ ಡಾಲರ್ ತಿರುಗುವ ಈ ವ್ಯವಹಾರ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲವಂತೆ! ಕಾಲೇಜಿನಲ್ಲಿ ಮರ್ಕೆಂಟೈಲ್ ಲಾ ಪತ್ರಿಕೆಯಲ್ಲಿ ನಾನು ಹೀಗೆ ಬರೆದಿದ್ದರೆ ಸೊನ್ನೆ ಬೀಳುತ್ತಿತ್ತು.

ಕೊನೆಗೆ 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ಗೆ ಹೋಗುವ ಸುದ್ದಿ ಬಂತು. ನೆವಾಡ ರಾಜ್ಯ ತೆರಿಗೆದಾರರ ಕಡೆಯಿಂದ 38 ಕೋಟಿ ಡಾಲರ್‌ವರೆಗೆ ನೆರವು ಕೊಡುವ ಮಸೂದೆ ತಂದಿತು.

ಅಭಿಮಾನಿಗಳು ಮಾಡಿದ ಉಪಾಯ ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯುತ್ತಮ ಭಾಗ. “ಜನ ಬರುವುದಿಲ್ಲ, ಅದಕ್ಕೇ ಹೋಗುತ್ತಿದ್ದಾರೆ” ಎಂಬ ಮಾತಿತ್ತಲ್ಲ, ಅದಕ್ಕೆ ಉತ್ತರವಾಗಿ ಒಂದು ದಿನ ಗೊತ್ತುಮಾಡಿ ಎಲ್ಲರೂ ಬರುವುದು! ಬಹಿಷ್ಕಾರ ಗೊತ್ತು, ಇದು ತಲೆಕೆಳಗಾದ ಬಹಿಷ್ಕಾರ. ಜೂನ್ 13, ಮಂಗಳವಾರ. ನಾವೂ ಹೋದೆವು. ನಾಲ್ಕು ವಾರದ ಹಿಂದೆ 2,064 ಜನರಿದ್ದ ಜಾಗದಲ್ಲಿ ಅಂದು 27,759. ಕಡು ಹಸಿರು ಅಂಗಿಗಳ ಮೇಲೆ ಒಂದೇ ಪದ: ‘ಸೆಲ್’. ತಂಡವನ್ನು ಮಾರಿಬಿಡಿ, ಆದರೆ ಇಲ್ಲಿಯೇ ಇರಲಿ ಎಂದು. ಐದನೆಯ ಇನಿಂಗ್ಸ್ ಶುರುವಾದಾಗ ಅಷ್ಟು ಜನವೂ ಎದ್ದು ನಿಂತು ಸುಮ್ಮನಾದರು. ಡೋಲೂ ನಿಂತಿತು. ಆಮೇಲೆ ಒಂದೇ ಉಸಿರಿಗೆ ಆ ಕೂಗು ಎದ್ದಿತು ನೋಡಿ, ನಮ್ಮವಳು ನನ್ನ ತೋಳು ಹಿಡಿದುಕೊಂಡಳು. ಆ ವರ್ಷ 112 ಪಂದ್ಯ ಸೋತ ಬಡಪಾಯಿ ತಂಡ ಅಂದು ಬಲಿಷ್ಠ ಟ್ಯಾಂಪಾ ಬೇ ಎದುರು 2-1ರಿಂದ ಗೆದ್ದಿತು. ಸತತ ಏಳನೆಯ ಗೆಲುವು.

ಅದೇ ದಿನ ನೆವಾಡದ ಸೆನೆಟ್ ಮಸೂದೆಯನ್ನು ಅಂಗೀಕರಿಸಿತು. ಎರಡೇ ದಿನದಲ್ಲಿ ಗವರ್ನರ್ ಸಹಿಯೂ ಬಿತ್ತು. ನವೆಂಬರ್‌ನಲ್ಲಿ ಉಳಿದ ತಂಡಗಳ ಮಾಲೀಕರೆಲ್ಲ ಒಮ್ಮತದಿಂದ ಒಪ್ಪಿದರು. ಆ ಪಂದ್ಯದ ಟಿಕೆಟ್ ಹಣವನ್ನು ತಂಡ ದಾನಕ್ಕೆ ಕೊಟ್ಟಿತು.

ಬ್ರೂಕ್ಲಿನ್‌ನ ಹಳೆಯ ಬಾಕಿ

ಇದು ಹೊಸ ಕಥೆಯಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾಡ್ಜರ್ಸ್ ಎಂಬ ತಂಡವಿತ್ತು. ಕರಿಯರನ್ನು ದೊಡ್ಡ ಲೀಗಿನಿಂದ ದೂರ ಇಟ್ಟಿದ್ದ ಕಾಲದಲ್ಲಿ, 1947ರ ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಅವರನ್ನು ಕಣಕ್ಕಿಳಿಸಿದ ತಂಡ ಅದು. ಇಂದಿಗೂ ಆ ದಿನ ಎಲ್ಲ ತಂಡಗಳ ಎಲ್ಲ ಆಟಗಾರರೂ ಅವರ 42ನೇ ನಂಬರಿನ ಅಂಗಿ ತೊಡುತ್ತಾರೆ. ಸೋತು ಸೋತು 1955ರಲ್ಲಿ ಕೊನೆಗೂ ಅವರು ವರ್ಲ್ಡ್ ಸೀರೀಸ್ ಗೆದ್ದರು. ಎರಡೇ ವರ್ಷ. 1957ರ ಋತು ಮುಗಿದ ಮೇಲೆ ಮಾಲೀಕ ವಾಲ್ಟರ್ ಓಮ್ಯಾಲಿ ತಂಡವನ್ನು ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಹೋದರು. ನ್ಯೂಯಾರ್ಕಿನ ಇನ್ನೊಂದು ತಂಡ ಜೈಂಟ್ಸ್ ಸಾನ್ ಫ್ರಾನ್ಸಿಸ್ಕೊಗೆ ಹೋಯಿತು. ಬ್ರೂಕ್ಲಿನ್‌ನ ಹಳೆಯ ಕ್ರೀಡಾಂಗಣವನ್ನು 1960ರಲ್ಲಿ ಕೆಡವಿದರು.

ಹೊಸ ಊರಿನಲ್ಲಿ 1962ರ ಒಂದೇ ವರ್ಷ 27 ಲಕ್ಷ ಜನ ಡಾಡ್ಜರ್ಸ್ ಆಟ ನೋಡಿದರು. ಬ್ರೂಕ್ಲಿನ್‌ನ ಕೊನೆಯ ವರ್ಷದಲ್ಲಿ 10 ಲಕ್ಷ. ಲೆಕ್ಕದ ಪುಸ್ತಕ ಓಮ್ಯಾಲಿ ಪರ. ಆದರೆ ಬ್ರೂಕ್ಲಿನ್‌ನಲ್ಲಿ ಅವರ ಹೆಸರೆತ್ತಿದರೆ ಹಲ್ಲು ಕಡಿಯುವವರು ಐವತ್ತು ವರ್ಷವಾದರೂ ಇದ್ದರು. 1962ರಲ್ಲಿ ನ್ಯೂಯಾರ್ಕಿಗೆ ಮೆಟ್ಸ್ ಎಂಬ ಹೊಸ ತಂಡ ಕೊಟ್ಟಾಗ ಅದರ ಬಣ್ಣಕ್ಕೆ ಡಾಡ್ಜರ್ಸ್‌ನ ನೀಲಿ, ಜೈಂಟ್ಸ್‌ನ ಕಿತ್ತಳೆ ಎರಡನ್ನೂ ತೆಗೆದುಕೊಂಡರು. ಹೋದವರ ಬಟ್ಟೆ ಹೊಲಿಸಿ ಹೊಸ ಮಗುವಿಗೆ ತೊಡಿಸಿದ ಹಾಗೆ.

ಜನ ಈ ಆಟಕ್ಕಾಗಿ ಎಷ್ಟು ಕಾಯಬಲ್ಲರು ಎನ್ನುವುದಕ್ಕೂ ಲೆಕ್ಕವಿದೆ. ಬಾಸ್ಟನ್ ರೆಡ್ ಸಾಕ್ಸ್ 86 ವರ್ಷ ಕಾದು 2004ರಲ್ಲಿ ಗೆದ್ದಾಗ ಮಕ್ಕಳು ಮೊಮ್ಮಕ್ಕಳು ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಗಳ ಮೇಲೆ ತಂಡದ ಬಾವುಟ, ಟೋಪಿ ಇಟ್ಟು ಬಂದರು. ಶಿಕಾಗೊದ ಕಬ್ಸ್ 108 ವರ್ಷದ ಮೇಲೆ 2016ರಲ್ಲಿ ಗೆದ್ದಾಗ ಕ್ರೀಡಾಂಗಣದ ಇಟ್ಟಿಗೆ ಗೋಡೆ ತುಂಬ ಸೀಮೆಸುಣ್ಣದಲ್ಲಿ ತೀರಿಹೋದ ಅಪ್ಪಂದಿರ, ಅಜ್ಜಿಯರ ಹೆಸರು ಬರೆದರು. ನಮ್ಮಲ್ಲಿ ಪಿತೃಪಕ್ಷದಲ್ಲಿ ಮಾಡುವುದನ್ನು ಅವರು ಅಲ್ಲಿ ಮಾಡಿದರು ಎಂದು ನಮ್ಮವಳ ಅಭಿಪ್ರಾಯ.

ಇಂಥ ಜನರ ತಾಳ್ಮೆಯನ್ನೂ ಆಟದವರು ಪರೀಕ್ಷಿಸಿದ್ದಾರೆ. 1994ರ ಆಗಸ್ಟ್‌ನಲ್ಲಿ ಸಂಬಳದ ಮಿತಿಯ ಜಗಳಕ್ಕೆ ಆಟಗಾರರು ಮುಷ್ಕರ ಹೂಡಿ, ಎರಡು ಮಹಾಯುದ್ಧಗಳಲ್ಲೂ ನಿಲ್ಲದ ವರ್ಲ್ಡ್ ಸೀರೀಸ್ ಆ ವರ್ಷ ರದ್ದಾಯಿತು. ಮುಂದಿನ ವರ್ಷ ಪಂದ್ಯವೊಂದರ ಸರಾಸರಿ ಹಾಜರಿ ಐದರಲ್ಲೊಂದು ಭಾಗ ಬಿದ್ದುಹೋಯಿತು. 1998ರಲ್ಲಿ ಮಾರ್ಕ್ ಮೆಕ್‌ಗ್ವಾಯರ್ 70, ಸ್ಯಾಮಿ ಸೋಸಾ 66 ಹೋಮ್ ರನ್ ಹೊಡೆದಾಗ ದೇಶ ಮತ್ತೆ ಮುಗಿಬಿತ್ತು. ಮೆಕ್‌ಗ್ವಾಯರ್ ಉದ್ದೀಪನ ಮದ್ದು ತೆಗೆದುಕೊಂಡಿದ್ದೆನೆಂದು 2010ರಲ್ಲಿ ಒಪ್ಪಿಕೊಂಡರು.

ಈಚೆಗೆ ಸ್ವಲ್ಪ ಚೇತರಿಕೆ ಕಂಡಿದೆ. ಮೂರು ಗಂಟೆ ದಾಟುತ್ತಿದ್ದ ಪಂದ್ಯಕ್ಕೆ 2023ರಲ್ಲಿ ಗಡಿಯಾರ ಕಟ್ಟಿದರು. ಬೇಸ್ ಖಾಲಿಯಿದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಲೇಬೇಕು. ಪಂದ್ಯ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು, ಆ ವರ್ಷ ಒಟ್ಟು ಹಾಜರಿ 7 ಕೋಟಿ ದಾಟಿತು. ಇನ್ನೊಂದು ಕಾರಣ ಜಪಾನಿನ ಶೋಹೆ ಓಟಾನಿ. ಎಸೆಯುವುದರಲ್ಲೂ ಬಾರಿಸುವುದರಲ್ಲೂ ನಿಸ್ಸೀಮ. 2023ರ ಡಿಸೆಂಬರ್‌ನಲ್ಲಿ ಅದೇ ಡಾಡ್ಜರ್ಸ್ ಅವರಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಮಾಡಿತು. 2024ರ ವರ್ಲ್ಡ್ ಸೀರೀಸ್ ಪಂದ್ಯಗಳನ್ನು ಜಪಾನಿನಲ್ಲಿ ಬೆಳಗಿನ ಹೊತ್ತು 1 ಕೋಟಿಗೂ ಹೆಚ್ಚು ಜನ ನೋಡಿದರು. ಅವರ ನಿಷ್ಠೆ ಊರಿಗಲ್ಲ, ಆಟಗಾರನಿಗೆ. ಅವನು ಹೋದಲ್ಲಿಗೆ ಅವರೂ. ಮೊಮ್ಮಗನ ಗೆಳೆಯರಲ್ಲಿ ಅರ್ಧ ಮಂದಿ ಹಾಗೇ ಇದ್ದಾರೆ. ಅವರಿಗೆ ತಂಡ ಊರು ಬಿಟ್ಟರೆ ಊಟ ಸೇರದೆ ಹೋಗುವುದಿಲ್ಲ. ಅದೇ ಜಾಣತನವೋ ಏನೋ. ನನಗಂತೂ ಆಗದು. ನಾನು 36 ವರ್ಷ ಕೂತು ಲೆಕ್ಕ ಬರೆದ ಬ್ಯಾಂಕಿನ ಹೆಸರು ವಿಲೀನದಲ್ಲಿ ಅಳಿಸಿಹೋಗಿದೆ. ಪಿಂಚಣಿ ತಪ್ಪದೆ ಬರುತ್ತದೆ, ಯಾವ ನಷ್ಟವೂ ಇಲ್ಲ. ಆದರೂ ಹಳೆಯ ಹೆಸರಿನ ಪಾಸ್‌ಬುಕ್ ಬೀರುವಿನಲ್ಲಿ ಹಾಗೇ ಇಟ್ಟಿದ್ದೇನೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ.

ಉಪ್ಪಿನಕಾಯಿ ಬಾಟಲಿ

2024ರ ಸೆಪ್ಟೆಂಬರ್ 26ರಂದು ಓಕ್‌ಲ್ಯಾಂಡ್‌ನಲ್ಲಿ ತಂಡದ ಕೊನೆಯ ಪಂದ್ಯ. ಶಾಲೆಗೆ ರಜೆ ಹಾಕಿಸಿ ಅಳಿಯಂದಿರು ಮಗನನ್ನು ಕರೆದುಕೊಂಡು ಹೋಗಿದ್ದರು. ಇಲ್ಲಿ ನಮಗೆ ರಾತ್ರಿ ಒಂದು ಗಂಟೆ. ಫೋನಿನ ಪರದೆಯಲ್ಲಿ ಜನಸಾಗರವೊಂದು ಅಲುಗಾಡುತ್ತಿತ್ತು. 46,889 ಜನ. ರಿಕಿ ಹೆಂಡರ್ಸನ್ ಬಂದು ಸಾಂಪ್ರದಾಯಿಕ ಮೊದಲ ಚೆಂಡು ಎಸೆದರು. (ಮೂರೇ ತಿಂಗಳಲ್ಲಿ ಅವರೂ ತೀರಿಕೊಂಡರು.) ಟೆಕ್ಸಸ್ ಎದುರು 3-2ರಿಂದ ಗೆದ್ದರು. ಆಟ ಮುಗಿದ ಮೇಲೂ ಯಾರೂ ಎದ್ದು ಹೋಗಲಿಲ್ಲ. ತಂಡದ ವ್ಯವಸ್ಥಾಪಕ ಮಾರ್ಕ್ ಕೋಟ್ಸೆ ಮೈಕು ಹಿಡಿದು ಧನ್ಯವಾದ ಹೇಳಿ, ಕೊನೆಯ ಸಲ ಊರಿನ ಹೆಸರಿನ ಜಯಘೋಷ ಹಾಕಿಸಿದರು. ಆಟಗಾರರು, ಜನರು ಮೈದಾನದ ಮಣ್ಣು ತುಂಬಿಕೊಂಡರು. ನಮ್ಮ ಹುಡುಗನಿಗೂ ಯಾರೋ ಒಂದು ಕಾಗದದ ಲೋಟದಲ್ಲಿ ಸ್ವಲ್ಪ ಕೊಟ್ಟರಂತೆ. ಮಗಳು ಅದನ್ನು ಖಾಲಿಯಾದ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಗೆ ಹಾಕಿ ಅವನ ಮೇಜಿನ ಮೇಲಿಟ್ಟಳು.

57 ವರ್ಷ ಮುಗಿಯಿತು. ಲಾಸ್ ವೇಗಸ್‌ನ ಕ್ರೀಡಾಂಗಣ 2028ಕ್ಕೆ ಸಿದ್ಧವಾಗಬೇಕು. ಅಲ್ಲಿಯವರೆಗೆ ತಂಡ ಸ್ಯಾಕ್ರಮೆಂಟೊ ಪಕ್ಕದ ಚಿಕ್ಕ ಮೈದಾನದಲ್ಲಿ ಬಾಡಿಗೆಗಿದೆ. ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ ‘ಅಥ್ಲೆಟಿಕ್ಸ್’. ಬಾಡಿಗೆ ಮನೆಯ ಬಾಗಿಲಿಗೆ ಹೆಸರಿನ ಫಲಕ ಹಾಕದವರ ಹಾಗೆ.

ಓಕ್‌ಲ್ಯಾಂಡ್‌ನವರು ಸುಮ್ಮನೆ ಕೂರಲಿಲ್ಲ. 2024ರಲ್ಲೇ ‘ಬಾಲರ್ಸ್’ ಎಂಬ ಸಣ್ಣ ತಂಡ ಕಣಕ್ಕಿಳಿಯಿತು. ದೊಡ್ಡ ಲೀಗಿಗೂ ಇದಕ್ಕೂ ನಮ್ಮ ಟೆಸ್ಟ್ ಪಂದ್ಯಕ್ಕೂ ತಾಲ್ಲೂಕು ಟೂರ್ನಮೆಂಟಿಗೂ ಇರುವಷ್ಟು ಅಂತರ. ಊರಿನ ಪಶ್ಚಿಮ ಭಾಗದ ರೈಮಂಡಿ ಪಾರ್ಕ್ ಎಂಬ ಹಳೆಯ ಸಾರ್ವಜನಿಕ ಮೈದಾನವನ್ನು ದುರಸ್ತಿ ಮಾಡಿ ಆಡುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಕೈಯಿಂದ ಹಣ ಹಾಕಿ ಪಾಲುದಾರರಾದರು. ಒಟ್ಟು 12 ಲಕ್ಷ ಡಾಲರಿಗೂ ಮೇಲೆ. ಎರಡನೆಯ ವರ್ಷ, 2025ರಲ್ಲೇ, ತಮ್ಮ ಲೀಗಿನ ಪ್ರಶಸ್ತಿಯನ್ನೂ ಗೆದ್ದರು.

ಕಳೆದ ಬೇಸಿಗೆಯಲ್ಲಿ ಮತ್ತೆ ಹೋಗಿದ್ದಾಗ ಮೊಮ್ಮಗನೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಈಗ ಹನ್ನೆರಡು ವರ್ಷ, ದನಿ ಒಡೆಯುತ್ತಿದೆ. ತಲೆಯ ಮೇಲೆ ಹೊಸ ತಂಡದ ಟೋಪಿ. ಮೈದಾನ ಪುಟ್ಟದು, ಆಟಗಾರರ ಮಾತು ಕೇಳಿಸುವಷ್ಟು ಹತ್ತಿರ ಕೂರಬಹುದು. ಅದೇ ಡೋಲುಗಳು ಇಲ್ಲಿಗೆ ಬಂದಿದ್ದವು. ನಾನು ರಟ್ಟಿನ ಪುಸ್ತಕ, ಪೆನ್ಸಿಲ್ ತೆಗೆದೆ. ಈಗ ನನಗೂ ಬರುತ್ತದೆ, ಅವನಿಗಿಂತ ಅಕ್ಷರ ಚೆನ್ನಾಗಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಆಟ ಮುಗಿದ ಮೇಲೆ ರೈಲಿನಲ್ಲಿ ಟ್ಯಾಲಿ ಹಾಕಲು ಕೂತೆ. ಒಂದು ವ್ಯತ್ಯಾಸ ಬರುತ್ತಿತ್ತು. ಅವನು ಕಿಟಕಿ ಕಡೆ ತಿರುಗಿ ಫೋನಿನಲ್ಲಿ ಏನೋ ನೋಡುತ್ತಿದ್ದ. ಬಗ್ಗಿ ನೋಡಿದೆ. ಹಸಿರು ಹಳದಿ ಗುರುತು.

“ಅಥ್ಲೆಟಿಕ್ಸ್ ಗೆದ್ರೇನೋ?”

“ಸೋತ್ರು” ಎಂದ. ಆಮೇಲೆ ಫೋನು ಜೇಬಿಗಿಟ್ಟು, “ಮ್ಯಾಚ್ ನೋಡಲ್ಲ ತಾತ, ಬರೀ ಸ್ಕೋರ್ ನೋಡ್ತೀನಿ. ಅಮ್ಮಂಗೆ ಹೇಳ್ಬೇಡಿ” ಎಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. ಏಳನೆಯ ಇನಿಂಗ್ಸ್‌ನಲ್ಲಿ ಬೇಸ್ ಮೇಲೆ ನಿಂತಿದ್ದವನೊಬ್ಬನನ್ನು ನಾನು ಬಿಟ್ಟುಬಿಟ್ಟಿದ್ದೆ.